ಕೆರೆಯ ತಳದ ಕರಿಮಣ್ಣು

ಹೋದ ವೈಶಾಖದಲ್ಲಿ ಯಲ್ಲಾಪುರದ ಕಡೆ ಒಂದು ಉಪನಯನ ಮುಗಿಸಿಕೊಂಡು ಬರುವಾಗ, ರಸ್ತೆ ಅಗಲಿಸಲೆಂದು ಗುಡ್ಡ ಕಡಿದ ತಿರುವಿನಲ್ಲಿ ನಮ್ಮ ವಾಹನ ಸ್ವಲ್ಪ ಹೊತ್ತು ನಿಂತಿತು. ಕೆಲಸದವರು ಕಪ್ಪು ಬಂಡೆಯೊಂದನ್ನು ಸುತ್ತಿಗೆಯಿಂದ ಒಡೆಯುತ್ತಿದ್ದರು. ಪೆಟ್ಟು ಬಿದ್ದಾಗಲೆಲ್ಲ ಬೆಂಕಿಕಡ್ಡಿ ಗೀರಿದಾಗ ಬರುವಂಥ ಕಟುವಾದ ವಾಸನೆ ಗಾಳಿಯಲ್ಲಿ ತೇಲಿ ಬಂತು. ಕಡಿದ ಗುಡ್ಡದ ಮೈಮೇಲೆ ಅಲ್ಲಲ್ಲಿ ತಿಳಿಹಳದಿ ಪುಡಿ ಕಟ್ಟಿತ್ತು. ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು, “ಅಜ್ಜಾ, ಅಲ್ನೋಡು, ಯಾರೋ ಅರಿಶಿನ ಚೆಲ್ಲಿದಂಗೆ ಇದ್ದು” ಅಂದಳು. ಆ ವಾಸನೆ, ಆ ಹಳದಿ, ಎರಡೂ ನನ್ನನ್ನು ವಿಳಂಬಿ ಸಂವತ್ಸರದ ಬೇಸಗೆಗೆ ಎಳೆದುಕೊಂಡು ಹೋಗಿದ್ದವು.

ನಮ್ಮ ಸೀಮೆ ಮುಂಬಯಿಯ ಆಡಳಿತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಕಾನಸೂರಿನಿಂದ ಕಾಡಿನ ಕಾಲುದಾರಿಯಲ್ಲಿ ಎರಡು ಹರದಾರಿ ಒಳಗೆ ನಡೆದರೆ ನಮ್ಮ ಊರು. ಅಲ್ಲಿಯ ದೇವಿಯ ಗುಡಿಗೆ ನಾನು ಅರ್ಚಕ. ಪಾಠಶಾಲೆಯಲ್ಲಿ ಹನ್ನೆರಡು ವರ್ಷ ವೇದ, ಆಗಮ, ವಾಸ್ತುಗಳನ್ನು ಅಭ್ಯಾಸ ಮಾಡಿ ಬಂದವನು, ವಯಸ್ಸು ಮೂವತ್ತೊಂದು. ಗುಡಿಯ ಜೀರ್ಣೋದ್ಧಾರವಾಗಬೇಕೆಂದು ಊರು ನಿಶ್ಚಯಿಸಿದಾಗ, ಮೊದಲು ಗುಡಿಯ ಮುಂದಿನ ಕೆರೆಯ ಹೂಳು ತೆಗೆದು ಆಳ ಮಾಡುವುದೆಂದಾಯಿತು. ಕೆರೆಯಲ್ಲಿ ಚೈತ್ರಕ್ಕೇ ನೀರು ಮೊಣಕಾಲಿಗೆ ಇಳಿಯುತ್ತಿತ್ತು.

ಕೆರೆಯ ಹೂಳಿಗೆ ನಮ್ಮಲ್ಲಿ ಬಹಳ ಬೆಲೆ. ಹೂಳು ತೆಗೆದಾಗ ಅದು ತೋಟವಿದ್ದವರ ಮನೆಗಳಿಗೆ ಹಿಸ್ಸೆಯ ಪ್ರಕಾರ ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಕೆರೆಯ ಕೆಳಗೆ, ಗುಡ್ಡದ ಇಳಿಜಾರಿನಲ್ಲಿ ನಾಲ್ಕು ಮೆಟ್ಟಿಲಿನಂತೆ ನಾಲ್ಕು ಗದ್ದೆ ಮಾಡಿಕೊಂಡಿದ್ದ ತಿಮ್ಮ ನಾಯ್ಕನಿಗೆ ಆ ಹಿಸ್ಸೆಯಲ್ಲಿ ಎಂದೂ ಪಾಲು ಇರಲಿಲ್ಲ. ಅವನಿಗೂ ಅವನ ಹೆಂಡತಿ ಗೌರಿಗೂ ಆ ನಾಲ್ಕು ಗದ್ದೆಯೇ ವರ್ಷದ ಅನ್ನ. ಕೆರೆ ತೋಡಲು ಅವನೂ ಬಂದಿದ್ದ. ಬುಟ್ಟಿ ಹೊರುವಾಗ ಮಾತು ನಿಲ್ಲಿಸುವ ಮನುಷ್ಯನಲ್ಲ. ತೋಟದವರ ಗಾಡಿಗಳು ಕಂದು ಹೂಳನ್ನು ತುಂಬಿಕೊಂಡು ಸಾಲಾಗಿ ಹೊರಟಾಗ, “ಮೇಲಿನ ಬೆಣ್ಣೆ ಹೆಗಡೇರಿಗೆ, ತಳದ ಮಜ್ಜಿಗೆ ಯಾರಿಗ್ರಾ?” ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಊರಿನ ಹಿರಿಯರಾದ ಗಣಪತಿ ಹೆಗಡೆಯವರು ಕೆರೆಯ ದಂಡೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. “ಮಜ್ಜಿಗೆ ಬಂದ್ರೆ ನಿಂಗೇ ಇಡನ, ಮೊದ್ಲು ಅಗೆ ಮಾರಾಯ” ಎಂದು ಅವರೂ ನಕ್ಕರು.

ತಳದ ಮಜ್ಜಿಗೆ ಬಂದೇಬಂತು. ಹೂಳು ಮುಗಿದ ಮೇಲೆ ಆಳಿನ ಎತ್ತರಕ್ಕಿಂತ ಕೆಳಗೆ ಒಂದು ಕಪ್ಪು ಪದರ ಸಿಕ್ಕಿತು. ಮಣ್ಣೂ ಅಲ್ಲ, ಪೂರ್ತಿ ಕಲ್ಲೂ ಅಲ್ಲ. ಹಾರೆಯ ಪೆಟ್ಟಿಗೆ ಹಾಳೆ ಹಾಳೆಯಾಗಿ ಏಳುತ್ತಿತ್ತು. ಕೈಗೆ ಇದ್ದಿಲಿನಂತೆ ಮಸಿ ಹತ್ತುತ್ತಿತ್ತು. ನಡುನಡುವೆ ಹಿತ್ತಾಳೆಯ ಚೂರಿನಂತೆ ಮಿನುಗುವ ಸಣ್ಣ ಸಣ್ಣ ಹರಳುಗಳು. ಕೆಲಸ ನಿಲ್ಲಿಸಿ ನನ್ನನ್ನು ಕರೆದರು.

ದೇವರ ಸ್ಥಾನವನ್ನು ಶುದ್ಧಿ ಮಾಡುವಾಗ ಶಲ್ಯೋದ್ಧಾರವೆಂಬ ಒಂದು ವಿಧಿಯುಂಟು. ಶಲ್ಯವೆಂದರೆ ನೆಲದೊಳಗೆ ಮುಳ್ಳಿನಂತೆ ನಾಟಿಕೊಂಡಿರುವ ಅಶುದ್ಧ ವಸ್ತು: ಎಲುಬು, ಕೂದಲು, ಇದ್ದಿಲು ಇಂಥವು. ಅದು ಪೂರ್ತಿ ಹೋಗುವವರೆಗೆ ಅಗೆದು, ಸ್ಥಾನದ ಎಲ್ಲೆಯಿಂದ ಆಚೆಗೆ ಹಾಕಬೇಕು. ನಾನು ಕೆರೆಗಿಳಿದು, ಆ ಕಪ್ಪನ್ನು ಬೆರಳಲ್ಲಿ ತಿಕ್ಕಿ ನೋಡಿ, ಹೆಚ್ಚು ಯೋಚಿಸದೆ, “ಇದು ಶಲ್ಯ. ಒಂದು ಬುಟ್ಟಿಯೂ ಉಳಿಯಬಾರದು” ಎಂದೆ. ನೀರಿನಡಿಯಲ್ಲಿ ಯಾರಿಗೂ ತೊಂದರೆ ಕೊಡದೆ ಎಷ್ಟು ಯುಗಗಳಿಂದ ಮಲಗಿತ್ತೋ, ಆ ಪದರ ನನ್ನ ಒಂದು ಮಾತಿಗೆ ಮೇಲೆದ್ದಿತು.

ಮೇಲೆ ಬಂದ ರಾಶಿಯನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆ ಬಂದಾಗ ತಿಮ್ಮ ಗುಡಿಯ ಅಂಗಳದ ಕೆಳಗೆ ಬಂದು ಕೈಮುಗಿದು ನಿಂತ.

“ಭಟ್ರೇ, ಹೊರಗೆ ಸುರುವೂದೇ ಹೌದಾದ್ರೆ ನಮ್ ಗದ್ದೆಗೇ ಸುರೂಲಿ. ಕೆರೆ ಮಣ್ಣು ಅಲ್ಲನ್ರಾ? ನಮ್ ಅಪ್ಪನ ಕಾಲ್ದಿಂದ ಒಂದು ಬುಟ್ಟಿ ಸಿಕ್ಕಿದ್ದಲ್ಲ.”

ನಾನು ತಡವರಿಸಿದೆ. ಶಲ್ಯವೆಂದು ಹೊರಹಾಕಿದ್ದನ್ನು ಒಬ್ಬ ಬಡವನ ಅನ್ನದ ನೆಲಕ್ಕೆ ಹಾಕುವುದು ಹೇಗೆ? ಇಲ್ಲವೆಂದರೆ, ಪಾಲಿಲ್ಲದವನಿಗೆ ಕಸವೂ ಇಲ್ಲವೆಂದಂತೆ. ಆ ರಾತ್ರಿ ಕಳೆದು ಬೆಳಗಿನ ಪೂಜೆಯ ಹೊತ್ತಿಗೆ ನನಗೊಂದು ಸಮಾಧಾನ ಹೊಳೆಯಿತು. ಸ್ಥಾನದೊಳಗೆ ಇದ್ದಾಗ ದೋಷವಾದದ್ದು, ದೇವಿಯ ತೀರ್ಥ ಸೋಕಿ ಎಲ್ಲೆ ದಾಟಿದ ಮೇಲೆ ದೋಷವಾಗಿ ಉಳಿಯಬೇಕಾಗಿಲ್ಲ. ಹೀಗೆ ತರ್ಕಿಸಿ, ಮೊದಲ ಬುಟ್ಟಿಯ ಮೇಲೆ ತೀರ್ಥ ಪ್ರೋಕ್ಷಿಸಿ, ದೇವಿಯ ಮುಡಿಯಿಂದ ತೆಗೆದ ಒಂದು ದಾಸವಾಳವನ್ನಿಟ್ಟು, “ತಗೊ, ಇದು ಪ್ರಸಾದ” ಎಂದು ತಿಮ್ಮನ ಕೈಗೆ ಕೊಟ್ಟೆ. ಅವನ ಕಣ್ಣು ತುಂಬಿತು. ನನ್ನ ಬುದ್ಧಿಯ ಬಗ್ಗೆ ಆ ದಿನ ನನಗೆ ಎಷ್ಟು ತೃಪ್ತಿಯಾಗಿತ್ತು ಎಂಬುದನ್ನು ನೆನೆದರೆ ಇಂದಿಗೂ ತಲೆ ತಗ್ಗುತ್ತದೆ.

ಗಂಡಹೆಂಡತಿ ಹನ್ನೊಂದು ದಿನ ಮಣ್ಣು ಹೊತ್ತರು. ಬಿಸಿಲಿಗೆ ಹೆಂಟೆಗಳು ಒಣಗಿ ಪುಡಿಯಾಗಲೆಂದು ನಾಲ್ಕು ಗದ್ದೆಗೂ ತೆಳುವಾಗಿ ಹರಡಿದರು. ವೈಶಾಖ ಮುಗಿಯುವ ಹೊತ್ತಿಗೆ ಒಂದೆರಡು ಹನಿ ಮಳೆಯಾಯಿತು. ಮರುದಿನ ಬಿಸಿಲೇರಿದಾಗ ಕಪ್ಪು ಹೆಂಟೆಗಳ ಬಿರುಕುಗಳಲ್ಲಿ ತಿಳಿಹಳದಿ ಪುಡಿ ಮೂಡಿತ್ತು. ಗೌರಿ ಓಡಿಬಂದು ಹೇಳಿದಳು, “ಅಮ್ಮ ಅರಿಶಿನ ಕೊಟ್ಟಾಳೆ ಭಟ್ರೇ! ನಾಲ್ಕೂ ಗದ್ದೇಲಿ!” ಊರಿನ ಹೆಂಗಸರು ಸಾಲಾಗಿ ಬಂದು ನೋಡಿ, ಒಂದೊಂದು ಚಿಟಿಕೆ ತೆಗೆದು ಹಣೆಗಿಟ್ಟುಕೊಂಡರು. ನಾನೂ ಹೋಗಿ ನೋಡಿದೆ, ಕೈಮುಗಿದೆ. ಸಂಜೆಯ ಹೊತ್ತಿಗೆ ಹಣೆ ಉರಿಯುತ್ತದೆಂದು ಒಬ್ಬಿಬ್ಬರು ತೊಳೆದುಕೊಂಡರಂತೆ. ಗೌರಿ ತೊಳೆಯಲಿಲ್ಲ. “ಶಕ್ತಿ ಇದ್ದಲ್ಲಿ ಬಿಸಿ ಇರ್ತದೆ” ಅಂದಳಂತೆ.

ಜ್ಯೇಷ್ಠದ ಮಳೆ ಹಿಡಿದ ಮೇಲೆ ಮೊದಲು ಕಂಡ ಬದಲಾವಣೆ ಸೌಂದರ್ಯದ್ದೇ. ತಿಮ್ಮನ ಗದ್ದೆಯಲ್ಲಿ ನಿಂತ ನೀರು ಕನ್ನಡಿಯಷ್ಟು ತಿಳಿಯಾಗಿತ್ತು. ಉತ್ತು ಹೂಟಿ ಮಾಡಿದ ಗದ್ದೆಯ ನೀರು ರಾಡಿಯಾಗಿರಬೇಕು. ಇಲ್ಲಿ ಎತ್ತು ತುಳಿದರೂ ಕ್ಷಣದಲ್ಲಿ ಕೆಸರು ತಳಕ್ಕೆ ಕೂತು ಆಕಾಶ ಕಾಣುತ್ತಿತ್ತು. ಆಮೇಲೆ ಕಿವಿಗೆ ಒಂದು ಕೊರತೆ ಗೊತ್ತಾಯಿತು. ಸುತ್ತಲಿನ ಗದ್ದೆಗಳಲ್ಲೆಲ್ಲ ಕಪ್ಪೆಗಳು ಕೂಗುವಾಗ ಆ ನಾಲ್ಕು ಗದ್ದೆ ಮೌನವಾಗಿದ್ದವು. ಭತ್ತದ ಅಗೆ ನೆಟ್ಟು ಎಂಟನೆಯ ದಿನಕ್ಕೆ ಎಲೆಯ ತುದಿ ಕೆಂಪಾಯಿತು. ಹದಿನೈದನೆಯ ದಿನಕ್ಕೆ ಕಿತ್ತರೆ ಬೇರು ಕರಗಿ ಕೈಗೆ ದಂಟು ಮಾತ್ರ ಬರುತ್ತಿತ್ತು. ನೀರು ಹೋಗುವ ಕಂಡಿಗಳಲ್ಲಿ ಕಾವಿ ಕಲಸಿದಂತೆ ಕೆಂಪು ಕೆನೆ ಕಟ್ಟಿತು. ತಿಮ್ಮನ ಕಾಲಿನ ಬೆರಳ ಸಂದುಗಳು ಒಡೆದು ರಸಿಗೆ ಸೋರತೊಡಗಿತು.

ಅವನು ಎರಡನೆಯ ಸಲ ಅಗೆ ಬೇಡಿ ತಂದು ನೆಟ್ಟ. ನಾನು ಗುಡಿಯಲ್ಲಿ ದಿನವೂ ಸಪ್ತಶತಿಯ ಪಾರಾಯಣ ಮಾಡಿದೆ. ಯಾರೋ ಹೇಳಿದರೆಂದು ಕುಮಟೆಯ ಕಡೆಯಿಂದ ಚಿಪ್ಪಿನ ಸುಣ್ಣ ತರಿಸಿ ಎರಚಿದೆವು. ಆರು ದಿನ ಪೈರು ಹಸಿರಾಯಿತು. ತಿಮ್ಮ ಗುಡಿಗೆ ಬಂದು ತೆಂಗಿನಕಾಯಿ ಒಡೆದು ಹೋದ. ಏಳನೆಯ ದಿನದಿಂದ ಮತ್ತೆ ಕೆಂಪು.

ನನಗೆ ದಿಕ್ಕು ತೋಚದೆ, ಸಿದ್ದಾಪುರದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ರುದ್ರಪ್ಪ ಮಾಸ್ತರರ ಬಳಿಗೆ ಹೋದೆ. ಬನವಾಸಿ ಕಡೆಯವರು; ನಿತ್ಯ ಇಷ್ಟಲಿಂಗ ಪೂಜೆ ಮಾಡದೆ ನೀರು ಮುಟ್ಟದವರು. ಅವರು ನನ್ನೊಡನೆ ಮಳೆಯಲ್ಲಿ ನಡೆದು ಬಂದು, ತಿಮ್ಮನ ಗದ್ದೆಯ ನೀರಿಗೆ ಒಂದು ನೀಲಿ ಕಾಗದದ ಚೂರನ್ನು ಅದ್ದಿದರು. ನೋಡುತ್ತಿದ್ದಂತೆ ಅದು ಕೆಂಪಾಯಿತು. ಕೆರೆಯ ನೀರಿಗೆ ಅದ್ದಿದ ಚೂರು ನೀಲಿಯಾಗಿಯೇ ಉಳಿಯಿತು.

“ಹುಳಿ ಐತ್ರಿ ಭಟ್ಟರ. ನಿಂಬಿಹಣ್ಣಿನಷ್ಟ ಹುಳಿ. ಭತ್ತ ಹೆಂಗ ಬದುಕೀತು?” ಎಂದವರೇ ಗುಡ್ಡದ ಬುಡದಲ್ಲಿ ಕೆಸರಿನಡಿ ಹೂತು ಬಣ್ಣ ತಿರುಗದೆ ಉಳಿದಿದ್ದ ಕರಿಹೆಂಟೆಗಳನ್ನು ಚೀಲಕ್ಕೆ ತುಂಬಿಕೊಂಡರು. ಅರ್ಧವನ್ನು ಧಾರವಾಡದಲ್ಲಿದ್ದ ತಮ್ಮ ಗುರುಗಳಿಗೆ ಕಳಿಸಿದರು. ಉಳಿದದ್ದರ ಒಂದು ಪಾಲನ್ನು ಬಾಟಲಿಯಲ್ಲಿ ಹಾಕಿ ಬಾಯಿಮಟ್ಟ ನೀರು ತುಂಬಿ ಬಿರಡೆ ಹಾಕಿದರು. ಇನ್ನೊಂದು ಪಾಲನ್ನು ಪುಡಿ ಮಾಡಿ ತಾಟಿನಲ್ಲಿ ಹರಡಿ ಗಾಳಿಗಿಟ್ಟು, ದಿನವೂ ಒಂದಿಷ್ಟು ನೀರು ಚಿಮುಕಿಸಿದರು.

ಆ ವರ್ಷ ಶ್ರಾವಣ ಅಧಿಕಮಾಸವಾಗಿತ್ತು. ಅದು ಕಳೆದು ನಿಜಶ್ರಾವಣ ಬರುವ ಹೊತ್ತಿಗೆ ಧಾರವಾಡದಿಂದ ಪತ್ರ ಬಂತು. ಮಾಸ್ತರರು ನನ್ನನ್ನು ಕರೆಸಿಕೊಂಡು ಬೆಂಚಿನ ಮೇಲೆ ಬಾಟಲಿಯನ್ನೂ ತಾಟನ್ನೂ ಇಟ್ಟರು. ಬಾಟಲಿಯ ಮಣ್ಣು ಇಟ್ಟ ಹಾಗೆಯೇ ಕಪ್ಪಗಿತ್ತು; ಅದರ ನೀರು ಕಾಗದದ ಬಣ್ಣ ಬದಲಿಸಲಿಲ್ಲ. ತಾಟಿನ ಮಣ್ಣು ಹಳದಿ, ಕೆಂಪು ಬಣ್ಣ ತಿರುಗಿತ್ತು. ಕಾಗದ ಮುಟ್ಟಿಸಿದ್ದೇ ತಡ, ರಕ್ತ ಹೀರಿದಂತೆ ಕೆಂಪಾಯಿತು.

“ಕುಂಡ್ರಿ, ಹೇಳ್ತೀನಿ,” ಎಂದರು. “ಆ ಮಿಂಚೋ ಹರಳು ಕಂಡಿದ್ರಲ್ಲ, ಅದರಾಗ ಕಬ್ಬಿಣ, ಗಂಧಕ ಎರಡೂ ಕೂಡ್ಯಾವ. ನೀರಿನ ಕೆಳಗ ಗಾಳಿ ಸಿಗದ ತಣ್ಣಗ ಇದ್ವು. ನಾವು ತಗದು ಬಿಸಲಿಗೆ ಹರವಿದ್ವಿ. ಗಾಳಿ, ನೀರು ಎರಡೂ ಹತ್ತಿದ್ವು. ಗಂಧಕ ಗಾಳ್ಯಾಗಿನ ಪ್ರಾಣವಾಯು ಕುಡದು ಆಮ್ಲ ಆಗತೈತಿ, ಕಬ್ಬಿಣ ತುಕ್ಕಾಗಿ ಕೆಂಪಾಗತೈತಿ.”

“ಹಾಗಾದರೆ ಒಂದು ದಿನ ಮುಗಿಯಬೇಕಲ್ಲ?”

“ಗಾಳಿ ಒಂದ ಆಗಿದ್ರ ಮೆಲ್ಲಕ ಆಗತಿತ್ರಿ, ಮಳಿ ತೊಳಕೊಂಡು ಹೋಗತಿತ್ತು. ಆದ್ರ ಗುರುಗಳು ಬರದಾರ, ಈ ಮಣ್ಣಾಗ ಕಣ್ಣಿಗೆ ಕಾಣದ ಜೀವ ಅದಾವಂತ. ನಮಗ ಅನ್ನ ಹೆಂಗೋ ಅವಕ್ಕ ಗಂಧಕ, ಕಬ್ಬಿಣ ಹಂಗ. ಅದನ್ನ ಉರಸೇ ಅವು ಜೀವ ಹಿಡಿಯೂದು. ಎಲ್ಲಾ ಜೀವ ಹುಳಿಗೆ ಸಾಯತಾವು, ಇವು ಹುಳಿ ಹೆಚ್ಚಾದಷ್ಟು ಹೆಚ್ಚತಾವು. ನೀವು ಹಾಕಿದ ಸುಣ್ಣ ಹುಟ್ಟಿದ ಆಮ್ಲಾನ ಕೊಂದೈತಿ. ಹುಟ್ಟಿಸೋರು ಹರಳಿನ ಮೈಗೆ ಹತಗೊಂಡು ಕುಂತಾರ.”

ಅನ್ನದಿಂದ ಭೂತಗಳು ಹುಟ್ಟುತ್ತವೆಂದು ನಿತ್ಯ ಪಠಿಸುವವನು ನಾನು. ಇಲ್ಲಿ ದೇವರು ಯಾವುದೋ ಸೂಕ್ಷ್ಮ ಪ್ರಜೆಗೆ ಕಲ್ಲಿನಲ್ಲಿ ಅನ್ನವಿಟ್ಟು, ಅದರ ಮೇಲೆ ನೀರಿನ ಮುಚ್ಚಳ ಹಾಕಿ ಇರಿಸಿದ್ದ. ಮುಚ್ಚಳ ತೆಗೆದು ಎಲೆ ಹಾಕಿ ಬಡಿಸಿದವನು ನಾನು. ಅವು ಉಣ್ಣುತ್ತಿದ್ದುದು ತಪ್ಪೆಂದು ಹೇಳುವುದಾದರೂ ಹೇಗೆ?

“ಉಪಾಯ?”

“ಒಂದೇ ಐತ್ರಿ. ಆ ಮಣ್ಣು ಕೆರದು ತಗದು ಮತ್ತ ಕೆರಿ ತಳಕ್ಕ ಹಾಕಬೇಕು, ಮ್ಯಾಲೆ ಸುಣ್ಣ ಕೊಟ್ಟು ನೀರಾಗ ಮುಳುಗಿಸಬೇಕು. ಗಾಳಿ ತಪ್ಪಿದ್ರ ಅವು ಮಲಗತಾವು. ಈ ಚಳಿಗಾಲದೊಳಗ ಮಾಡ್ರಿ. ಬ್ಯಾಸಗಿ ಬಿಸಲು ಇನ್ನೊಮ್ಮೆ ಬಿತ್ತಂದ್ರ ಮಣ್ಣು ಪೂರಾ ಕೆಡತೈತಿ.”

ಪರಿಹಾರ ಸಿಕ್ಕಿತೆಂಬ ಉತ್ಸಾಹದಲ್ಲಿ ಅಂದೇ ತಿಮ್ಮನ ಮನೆಗೆ ಹೋದೆ. ಎರಡನೆಯ ನಾಟಿಯೂ ಸತ್ತಿತ್ತು. ಅವನು ಜಗುಲಿಯಲ್ಲಿ ಕಾಲಿಗೆ ಕೊಬ್ಬರಿಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಎಲ್ಲವನ್ನೂ ಹೇಳಿದೆ. ಅವನು ಕೇಳಿದ. ಆಮೇಲೆ ತಲೆಯಾಡಿಸಿದ.

“ಪ್ರಸಾದನ ಕೆರ್ದು ತೆಗ್ಯೂದಾ? ಎಲ್ಲಾದ್ರೂ ಉಂಟಾ ಭಟ್ರೇ? ಕೈಗೆ ಬಂದ ಪ್ರಸಾದ ಕಹಿ ಹೇಳಿ ಉಗುಳ್ತಾರಾ?”

“ಅದು ಪ್ರಸಾದವಲ್ಲ ತಿಮ್ಮ. ನಾನು ಹಾಗೆಂದದ್ದೇ ತಪ್ಪು.”

“ನೀವು ತಪ್ಪಿರ್ಬೌದು,” ಎಂದು ಅವನು ಸಮಾಧಾನ ಮಾಡುವವನಂತೆ ಹೇಳಿದ. “ಆದ್ರೆ ಕೊಟ್ಟಿದ್ದು ನೀವಲ್ಲ. ಅಮ್ಮ ಕೊಟ್ಟಿದ್ದು. ನೀವು ಕೈ ಅಷ್ಟೇ.”

ಒಳಗಿನಿಂದ ಗೌರಿ, “ಅಮ್ಮ ಪರೀಕ್ಷೆ ಮಾಡ್ತಾಳೆ. ನಡ್ವೆ ಕೈಬಿಟ್ರೆ ಇನ್ನೆಂತ ಉಳೀತು?” ಎಂದಳು. ದೇವರು ಕೊಟ್ಟದ್ದನ್ನು ಕಹಿಯೆಂದು ಬಿಡಬಾರದೆಂದು ಪ್ರತಿ ನವರಾತ್ರಿಯಲ್ಲಿ ಅವರಿಗೆ ಹೇಳಿದವನು ನಾನೇ.

ಮೂರು ದಿನ ಗ್ರಂಥಗಳನ್ನು ತಿರುವಿ ಹಾಕಿದೆ. ಕೊನೆಗೆ ಒಂದು ದಾರಿ ಕಂಡಿತು. ದೇವರ ಮೈಯಿಂದ ಇಳಿದ ಹೂವನ್ನು ನೀರಿಗೆ ವಿಸರ್ಜಿಸುವುದು ಉಗುಳಿದಂತಲ್ಲ. ಅದು ಮರಳಿ ಒಪ್ಪಿಸಿದಂತೆ. ಮಣ್ಣನ್ನೂ ಹಾಗೆಯೇ ದೇವಿಯ ಕೆರೆಗೆ ವಿಸರ್ಜಿಸಬಹುದು. ಇದನ್ನು ಹೇಳಿದಾಗ ತಿಮ್ಮನ ಮುಖ ಮೊದಲ ಸಲ ಸಡಿಲವಾಯಿತು. “ಅಮ್ಮಂದು ಅಮ್ಮಂಗೆ. ಹಂಗಾದ್ರೆ ಆಗ್ತದೆ” ಎಂದು ಎದ್ದು ನಿಂತ. ಅಂದೇ ಬುಟ್ಟಿ ಹುಡುಕತೊಡಗಿದ.

ಉಳಿದದ್ದು ಊರಿನ ಒಪ್ಪಿಗೆ. ಗುಡಿಯ ಚಂದ್ರಶಾಲೆಯ ಹಜಾರದಲ್ಲಿ ಹಿರಿಯರು ಸೇರಿದರು. ಮಾಸ್ತರರ ಪತ್ರವನ್ನು ಓದಿ ಹೇಳಿದೆ. ಗಣಪತಿ ಹೆಗಡೆಯವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ವಾದಿಸಬಹುದಿತ್ತು.

“ಭಟ್ಟ, ಆನು ಓದಿದವ ಅಲ್ಲ. ಕೆರೇಲಿ ಇಳ್ದು ಶಲ್ಯ ಹೇಳಿದವ ನೀನು. ಒಂದು ಬುಟ್ಟಿನೂ ಉಳಿಲಾಗ ಹೇಳಿದವ ನೀನು. ಶಲ್ಯ ತೆಗ್ದ ಕೆರೇಲಿ ಈಗ ದೇವಿಗೆ ಅಭಿಷೇಕಕ್ಕೆ ನೀರು ತೆಗೀತಾ ಇದ್ದು. ತೆಗೆದ ಶಲ್ಯನ ಮತ್ತೆ ಒಳಗೆ ಹಾಕು ಹೇಳಿ ಯಾವ ಶಾಸ್ತ್ರದಲ್ಲಿ ಇದ್ದು? ತೋರ್ಸು, ಆನೇ ಮೊದಲ ಬುಟ್ಟಿ ಹೊರ್ತೆ.”

“ಅದು ಶಲ್ಯ ಅಲ್ಲ. ಎನ್ನ ತಪ್ಪು.”

“ಇವತ್ತು ಅಲ್ಲ ಹೇಳ್ತೆ. ನಾಳೆ ಕೆರೆ ನೀರು ಹುಳಿಯಾದ್ರೆ? ಅವನ ನಾಲ್ಕು ಗದ್ದೆ ಹೋದಾಂಗೆ ಇಡೀ ಊರಿನ ನೀರು ಹೋದ್ರೆ, ಆವಾಗ ಎಂತ ಹೇಳ್ತೆ?”

ಸುಣ್ಣ ಕೊಟ್ಟು ಮುಳುಗಿಸಿದರೆ ಹಾಗಾಗದೆಂದು ಮಾಸ್ತರರು ಬರೆದುಕೊಟ್ಟಿದ್ದರು. ಆದರೆ ಹಾಗಾಗದೆಂದು ದೇವಿಯ ಮುಂದೆ ಪ್ರಮಾಣ ಮಾಡು ಎಂದು ಹೆಗಡೆಯವರು ಅಂದಾಗ ನಾನು ಮಾಡಲಿಲ್ಲ. ಒಂದು ವರ್ಷದಲ್ಲಿ ಎರಡು ಸಲ ಖಚಿತವಾಗಿ ಮಾತಾಡಿದವನು ಮೂರನೆಯ ಸಲ ಯಾವ ಬಾಯಿಂದ ಆಡಲಿ? ಸಭೆ ಎದ್ದಿತು. ಹೆಗಡೆಯವರು ಹೋಗುವಾಗ ನನ್ನ ಭುಜ ಮುಟ್ಟಿ, “ಬೇಜಾರು ಮಾಡ್ಕಳಡ” ಎಂದರು. ಕೆಟ್ಟ ಮನುಷ್ಯರಲ್ಲ ಅವರು.

ಆ ಮಣ್ಣು ಒಂದೇ. ಊರಿಗೆ ನಾನು ಅದನ್ನು ಅಶುದ್ಧಿಯೆಂದು ಕೊಟ್ಟಿದ್ದೆ. ಆದ್ದರಿಂದ ಅದು ಒಳಗೆ ಬರುವಂತಿರಲಿಲ್ಲ. ತಿಮ್ಮನಿಗೆ ಅನುಗ್ರಹವೆಂದು ಕೊಟ್ಟಿದ್ದೆ. ಆದ್ದರಿಂದ ದೇವಿಯ ಕೆರೆಯ ಹೊರತು ಬೇರೆಲ್ಲಿಗೂ ಹೋಗುವಂತಿರಲಿಲ್ಲ. ಹಳ್ಳದ ಮಡುವಿಗಾದರೂ ಹಾಕೋಣವೆಂದು ಅವನಿಗೆ ಹೇಳಿ ನೋಡಿದೆ. “ಊರವ್ರ ಕಸದ ಜೊತಿಗಾ?” ಎಂದು ಕೇಳಿದ, ಅಷ್ಟೇ. ನಾನು ಒಬ್ಬನೇ ಒಂದು ಮುಂಜಾನೆ ಗುದ್ದಲಿ ಹಿಡಿದು ಮೇಲಿನ ಗದ್ದೆಗೆ ಹೋದೆ. ಗೌರಿ ಬಂದು ಗುದ್ದಲಿಯನ್ನು ಮೆಲ್ಲನೆ ಕೈಯಿಂದ ಬಿಡಿಸಿಕೊಂಡಳು. “ಭಟ್ರೇ, ನಿಮ್ ಕಾಲೂ ಒಡೀತದೆ” ಎಂದಳು.

ಕಾರ್ತಿಕದ ಬಿಸಿಲಿಗೆ ಗದ್ದೆಗಳು ಒಣಗಿದವು. ಬಿರುಕುಗಳಲ್ಲಿ ಮತ್ತೆ ಹಳದಿ ಮೂಡಿತು. ಈ ಸಲ ಯಾರೂ ಹಣೆಗಿಟ್ಟುಕೊಳ್ಳಲಿಲ್ಲ. ನಾನು ಸಂಜೆಯ ಜಪಕ್ಕೆ ಕೆರೆಯ ದಂಡೆಯಲ್ಲಿ ಕುಳಿತಾಗ ಕೆಳಗೆ ಆ ನಾಲ್ಕು ಮೆಟ್ಟಿಲು ಕಾಣುತ್ತಿದ್ದವು. ಶಬ್ದವಿಲ್ಲ, ಹೊಗೆಯಿಲ್ಲ, ಬೆಂಕಿಯಿಲ್ಲ. ಆದರೂ ಅಲ್ಲಿ ಏನೋ ಉರಿಯುತ್ತಿದೆಯೆಂದು ನನಗೆ ಗೊತ್ತಿತ್ತು. ಜಪದ ಸಂಖ್ಯೆ ತಪ್ಪುತ್ತಿತ್ತು.

ಪುಷ್ಯದಲ್ಲಿ ತಿಮ್ಮ ಯಲ್ಲಾಪುರದ ಕಡೆ ಕಾಡಿನ ಮರದ ನಾಟಾ ಕಡಿಯುವ ಕೆಲಸಕ್ಕೆ ಹೊರಟ. ಕಾನಸೂರಿನವರೆಗೆ ನಾನೂ ಜೊತೆಗೆ ನಡೆದೆ. ದಾರಿಯುದ್ದಕ್ಕೂ ಅವನೇ ಮಾತಾಡಿದ. ಎತ್ತುಗಳನ್ನು ಭಾವನ ಮನೆಯಲ್ಲಿ ಬಿಟ್ಟದ್ದು, ಅಲ್ಲಿಯ ಕಾಡಿನಲ್ಲಿ ಜಿಗಣೆ ಹೆಚ್ಚಂತೆ ಎಂಬುದು, ಇಂಥವೇ. ಲಾರಿ ಬಂದು ನಿಂತಿತು. ಗೌರಿ ಗಂಟುಮೂಟೆಗಳೊಡನೆ ಹಿಂದೆ ಹತ್ತಿ ಕುಳಿತಳು. ಅವನು ಒಂದು ಕಾಲನ್ನು ಚಕ್ರದ ಮೇಲಿಟ್ಟು ತಿರುಗಿದ.

“ಇನ್ನೆಷ್ಟು ಮಳ್ಗಾಲ ಬೇಕು ಭಟ್ರೇ, ಆ ಕಾಣದ ಜೀವ ಹೊಟ್ಟೆ ತುಂಬಿ ಏಳೂಕೆ? ಮಾಸ್ತರು ಎಂತಾರೂ ಹೇಳಿದ್ರಾ?”

ಮಾಸ್ತರರಿಗೆ ಬರೆದು ಕೇಳಿದ್ದೆ. ಹರಳು ಎಷ್ಟಿದೆಯೋ ಅಷ್ಟು ಕಾಲ ಎಂದು ಅವರು ಉತ್ತರಿಸಿದ್ದರು. ಅವನಿಗೆ ಹಿತವಾಗುವಂಥ ಒಂದು ಅಂಕೆ ನನ್ನ ಬಾಯಿತುದಿಗೆ ಬಂತು. ಅದನ್ನು ನುಂಗಿಕೊಂಡೆ.

“ಗೊತ್ತಿಲ್ಲ ತಿಮ್ಮ” ಎಂದೆ.

ಅವನು ನನ್ನ ಮುಖವನ್ನೇ ನೋಡಿ, ಬೀಡಿ ಕಚ್ಚಿದ ಹಲ್ಲು ಕಾಣುವಂತೆ ನಕ್ಕ.

“ಮಣ್ಣು ಕೇಳೂಕೆ ಬಂದ ದಿವ್ಸ ಇದೊಂದು ಮಾತು ಹೇಳಿದ್ರೆ ಆಗ್ತಿತ್ತಲ್ರಾ!”

ಲಾರಿ ಹೊರಟಿತು. ಆ ನಗುವಿನಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ವರ್ಷ ಸ್ವಲ್ಪ ಹಗುರವಾಗಿರುತ್ತಿತ್ತು.